ಹೊಟ್ಟೆ ಹಿಂದಿರುವ ಸಂಪು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಫೋನು ಬಂದಾಗ ನಾನು ನೇರವಾಗಿ ಹಿತ್ತಿಲಿಗೆ ಹೋಗಿ, ನೀರಿನ ಸಂಪಿನ ಮುಚ್ಚಳ ಎತ್ತಿ, ಟಾರ್ಚು ಬಿಟ್ಟು ಒಳಗೆ ಇಣುಕಿದವಳು. ಟಿ. ನರಸೀಪುರದ ಗ್ಯಾರೇಜಿನಿಂದ ಮೆಕ್ಯಾನಿಕ್ ಮಾದೇಶಣ್ಣ ಹೇಳಿದ್ದು ಇಷ್ಟೇ: "ಅಮ್ಮಾರೆ, ಸಂಪು ಕೂರ್ತಾ ಇಲ್ಲ ಕಣಮ್ಮ. ಬೇರೆ ಸಂಪು ನೋಡ್ಬೇಕು ಅಂತ ಸಾರ್ಗೆ ಯೋಳಿ." ನಂಜನಗೂಡಿನ ನಮ್ಮ ಮನೆಯ ಸಂಪು ಕೂತಿಲ್ಲವೆಂಬ ಸಂಗತಿ ಅಷ್ಟು ದೂರದಲ್ಲಿರುವ ಮನುಷ್ಯನಿಗೆ ಹೇಗೆ ತಿಳಿಯಿತು ಎಂದು ನಾನು ಯೋಚಿಸಲಿಲ್ಲ. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕೂ ಕಾಣಿಸಿತು. ಹುಡುಕಿಕೊಂಡು ಹೋದರೆ ಬಿರುಕು ಎಲ್ಲಿ ಕಾಣುವುದಿಲ್ಲ ಹೇಳಿ?

ಸಂಜೆ ನಮ್ಮ ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ತುಂಬಿಕೊಂಡು ಕೂರುವ ತಗಡಿನ ತೊಟ್ಟಿಯೊಂದಿದೆಯಂತೆ, ಅದಕ್ಕೂ ಸಂಪು ಅಂತಲೇ ಹೆಸರಂತೆ. "ನಿನ್ನ ಇಂಗ್ಲಿಷಿನಲ್ಲಿ ಆಯಿಲ್ ಪ್ಯಾನ್" ಎಂದು ಬಿಡಿಸಿ ಹೇಳಿದರು. ಆಯಿಲ್ ಪ್ಯಾನ್ ಎಂದರೆ ನನ್ನ ಕಣ್ಣೆದುರು ಬಂದು ನಿಂತದ್ದು ಬೋಂಡ ಕರಿಯುವ ಬಾಣಲೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ ಹಿಮ ಬೀಳುವ ದೇಶದ ಹೂವುಗಳ ಹೆಸರೆಲ್ಲ ಬಾಯಿಪಾಠ ಮಾಡಿದ್ದೇನೆ. ನಮ್ಮ ಸ್ವಂತ ಜೀಪಿನ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ಯಾವ ಸಿಸ್ಟರೂ ಹೇಳಿಕೊಟ್ಟಿರಲಿಲ್ಲ.

ಜೀಪು ನಮ್ಮ ಮಾವನವರ ಕಾಲದ್ದು. ನಲವತ್ತು ದಾಟಿದ ಮೇಲೆ ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ, ಇವತ್ತಿಗೂ ನನಗೆ ಓಡಿಸಲು ಬರುವುದು ಅದೊಂದೇ. ಕಾರನ್ನು ನಮ್ಮವರು ನನ್ನ ಕೈಗೆ ಕೊಡುವುದಿಲ್ಲ. "ಗೇರ್ ಸೂಕ್ಷ್ಮ" ಎನ್ನುತ್ತಾರೆ. ನಾನು ಒರಟು ಎಂಬುದರ ಸಭ್ಯ ರೂಪ ಅದು. ಜೀಪು ಇದ್ದರೆ ನನಗೆ ಬೇಕೆನಿಸಿದ ದಿನ ಹೆಮ್ಮಿಗೆಯಲ್ಲಿರುವ ಅಕ್ಕನ ಮನೆಗೆ ಹೋಗಿ ಬರುತ್ತೇನೆ. ಇಲ್ಲದಿದ್ದರೆ ನಮ್ಮವರಿಗೆ ಯಾವ ಭಾನುವಾರ ಬಿಡುವು, ಯಾವ ಭಾನುವಾರ ಮನಸ್ಸು ಎಂದು ಅವರ ಮುಖ ನೋಡಿಕೊಂಡು ಕಾಯಬೇಕು. ಈ ಸಲ ಹೆಮ್ಮಿಗೆಗೆ ಹೋಗುವ ದಾರಿಯಲ್ಲೇ ಎಂಜಿನ್ ಪ್ರಾಣ ಬಿಟ್ಟಿತು. ಹತ್ತಿರವಿದ್ದ ಮಾದೇಶಣ್ಣನ ಗ್ಯಾರೇಜಿಗೆ ಎಳೆಸಿದೆವು. ಅವನು ಯಾವುದೋ ಸಾಮಾನು ಸಾಗಿಸುವ ಗಾಡಿಯ ಹಳೇ ಎಂಜಿನ್ ತಂದು ಕೂರಿಸುತ್ತೇನೆಂದ. ನಮ್ಮವರಿಗೆ ಗುಜರಿಗೆ ಹಾಕಿಬಿಡುವ ಆಸೆ. ನಾನು ಹಟ ಹಿಡಿದೆ. ಎಂಜಿನ್ ಕೂತಿತು, ಗೇರ್‌ಬಾಕ್ಸಿಗೆ ಹೊಂದಿತು, ಕಾಗದಪತ್ರವೂ ಆಯಿತು. ಕೊನೆಗೆ ಅಡಿಯ ಎಣ್ಣೆ ತೊಟ್ಟಿ ಮುಂದಿನ ಎರಡು ಚಕ್ರಗಳನ್ನು ಕೂಡಿಸುವ ಆಕ್ಸಲ್ಲಿಗೆ ತಗುಲುತ್ತದೆ ಎಂದು ಎಲ್ಲ ನಿಂತಿತು. "ಶನಿವಾರ ಒಂದು ದಿನ ನೋಡೋಣ. ಕೂರದಿದ್ದರೆ ಸೋಮವಾರ ಗುಜರಿಯವನು ಬಂದು ಎತ್ತಿಕೊಂಡು ಹೋಗಲಿ" ಎಂದರು ನಮ್ಮವರು. ಹಾಗಾಗಿ ಸಂಪು ಆರಿಸಲು ಅವರ ಕಾರಿನಲ್ಲಿ ನಾನೂ ಹೊರಟೆ. ಸೀರೆ ಆರಿಸುವುದಕ್ಕಿಂತ ಇದೇನು ದೊಡ್ಡದು ಎಂದುಕೊಂಡೇ ಹೊರಟೆ ಎನ್ನುವುದೂ ನಿಜ.

ಈ 'ಕೂರು' ಎಂಬ ಮಾತನ್ನೇ ನೋಡಿ. ನಮ್ಮ ಭಾಷೆಯಲ್ಲಿ ಕುಕ್ಕರಿನ ಮುಚ್ಚಳ ಕೂರುತ್ತದೆ, ರವಿಕೆಯ ತೋಳು ಕೂರುತ್ತದೆ, ಧೂಳು ಕೂರುತ್ತದೆ, ಲೆಕ್ಕದ ಪಾಠ ತಲೆಯಲ್ಲಿ ಕೂರುತ್ತದೆ. ಬೆಳಗ್ಗೆಯಿಂದ ಸಂಜೆಯವರೆಗೆ ಮನೆಯಲ್ಲಿ ಕೂರದೇ ಇರುವುದು ಹೆಂಗಸೊಬ್ಬಳೇ. ಹೀಗೆ ಎಲ್ಲವನ್ನೂ ಕೂರಿಸುವುದೇ ಕಸುಬಾದವಳಿಗೆ ಒಂದು ತಗಡಿನ ತೊಟ್ಟಿ ಕೂರಿಸಲು ಬಾರದೇ ಎಂಬ ಧೈರ್ಯ ನನ್ನದು.

ಮಾದೇಶಣ್ಣ ಮೈಸೂರಿನ ಹಳೇ ಸಾಮಾನಿನ ಅಂಗಡಿಗಳನ್ನು ಸುತ್ತಿ ಎರಡು ಸಂಪು ತಂದಿಟ್ಟಿದ್ದ. ಸಂಪು ಎಂದರೆ ಪೂರ್ತಿ ಒಂದೇ ಆಳ ಇರುವುದಿಲ್ಲ. ಒಂದು ಕಡೆ ಮಾತ್ರ ತಗ್ಗಾಗಿ ಜೋಲುತ್ತದೆ. ಅದನ್ನು ಹೊಟ್ಟೆ ಎನ್ನುತ್ತಾರೆ. "ಇದು ಮುಂದ್ಗಡೆ ಒಟ್ಟೆದು, ಇದು ಇಂದ್ಗಡೆ ಒಟ್ಟೆದು" ಎಂದು ಅವನು ತೋರಿಸಿದಾಗ ನನ್ನ ಕಣ್ಣು ತಾನಾಗಿ ನಮ್ಮವರ ಕಡೆ ಹೊರಳಿತು. ಅವರು ಅಂಗಿಯನ್ನು ಕೆಳಕ್ಕೆ ಎಳೆದುಕೊಂಡರು.

ಹೊಟ್ಟೆ ಹಿಂದಿರುವುದು ಕರ್ರಗೆ, ನೆಗ್ಗಿಕೊಂಡು, ಹಳೇ ಹುರಿಯುವ ಬಾಂಡ್ಲಿಯ ಹಾಗಿತ್ತು. ಮುಂದಿರುವುದು ಬೂದು ಬಣ್ಣ ಬಳಿಸಿಕೊಂಡು ಮದುಮಗನಂತೆ ಕೂತಿತ್ತು, ಹೊಟ್ಟೆಯೂ ಚಿಕ್ಕದು. ನಾನು ಪಾತ್ರೆ ಅಂಗಡಿಯಲ್ಲಿ ಮಾಡುವಂತೆ ಎರಡನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನಾದ ಕೇಳಿದೆ. ಮದುಮಗನ ನಾದ ಚೆನ್ನಾಗಿತ್ತು. "ಇದೇ ಇರಲಿ" ಎಂದೆ.

"ಅಮ್ಮಾರೆ, ಆಕ್ಸಲ್ಲಿಗೆ ತಗಲ್ತದೇನೋ."

ಅಳೆದರೆ ಆಯಿತಲ್ಲ! ಪಕ್ಕದ ಹೋಟೆಲಿನಿಂದ ಪರೋಟದ ಹಿಟ್ಟಿನ ಒಂದು ಉಂಡೆ ಇಸಕೊಂಡು ಬಂದೆ. ಜ್ಯಾಕಿನ ಮೇಲೆ ನಿಂತಿದ್ದ ಜೀಪಿನ ಕೆಳಗೆ ಚಾಪೆ ಹಾಸಿ ತೂರಿ, ಮಾದೇಶಣ್ಣ ಎತ್ತಿ ಹಿಡಿದ ಸಂಪಿಗೂ ಆಕ್ಸಲ್ಲಿಗೂ ನಡುವಿನ ಸಂದಿಗೆ ಹಿಟ್ಟು ಮೆತ್ತಿ, ಹುಷಾರಾಗಿ ಬಿಡಿಸಿಕೊಂಡು ಹೊರಗೆ ಬಂದೆ. ಹಿಟ್ಟು ಭರ್ತಿ ನಾಲ್ಕು ಬೆರಳು ದಪ್ಪ. ಅದನ್ನು ನಮ್ಮವರ ಮೂಗಿನ ಕೆಳಗೆ ಹಿಡಿದೆ. ಅವರು ಮೊದಲ ಸಲ ನನ್ನನ್ನು ಗೌರವದಿಂದ ನೋಡಿದಂತಿತ್ತು. ಮಾದೇಶಣ್ಣ ಮಾತ್ರ "ಒಸಿ ಇಳ್ಸಿ ನೋಡಿ ಆಮೇಲೆ ಬಿಗಿಯವ" ಎಂದ. "ಕಣ್ಣಾರೆ ಅಳತೆ ಕಂಡಮೇಲೂ ಅನುಮಾನವೇ?" ಎಂದೆ. "ಆಯ್ತು ಬುಡಿ, ಓದ್ದೋರು ಯೋಳ್ತಾವ್ರೆ" ಎಂದು ಅವನು ಇಪ್ಪತ್ತು ಚಿಲ್ಲರೆ ಬೋಲ್ಟುಗಳನ್ನು ಒಂದೊಂದಾಗಿ ಬಿಗಿದ. ಜ್ಯಾಕು ಇಳಿಸಿದ.

ಟಣ್.

ನಾನು ಮೆಚ್ಚಿಕೊಂಡಿದ್ದ ಅದೇ ನಾದ.

ಆಗ ತಿಳಿದದ್ದು ಇದು. ಗಾಡಿ ಜ್ಯಾಕಿನ ಮೇಲಿರುವಾಗ ಸ್ಪ್ರಿಂಗಿನ ಪಟ್ಟಾಗಳು ಸಡಿಲವಾಗಿ, ಚಕ್ರವೂ ಆಕ್ಸಲ್ಲೂ ಕೆಳಕ್ಕೆ ಜೋತು ಬಿದ್ದಿರುತ್ತವೆ. ನೆಲ ಮುಟ್ಟಿ ಮೈಭಾರ ಬಿದ್ದಾಗಲೇ ಎಂಜಿನ್ ಕೆಳಗಿಳಿದು ಆಕ್ಸಲ್ಲಿನ ಹತ್ತಿರಕ್ಕೆ ಬರುವುದು. ನಾನು ಅಳೆದದ್ದು ಗಾಡಿ ಗಾಳಿಯಲ್ಲಿ ತೂಗುತ್ತಿದ್ದಾಗ! ನಮ್ಮ ಹೆಣ್ಣು ನೋಡುವ ಶಾಸ್ತ್ರವೂ ಹೀಗೆಯೇ ಅಲ್ಲವೇ? ಎರಡು ಕಡೆಯವರೂ ಇಸ್ತ್ರಿ ಬಟ್ಟೆ ಹಾಕಿ, ಕೇಸರಿಬಾತಿನ ಮುಂದೆ, ನೆಲದಿಂದ ಒಂದು ಅಡಿ ಮೇಲೆಯೇ ಕೂತಿರುತ್ತಾರೆ. ಅಂತರ ನಾಲ್ಕು ಬೆರಳು ಚೆನ್ನಾಗಿಯೇ ಕಾಣುತ್ತದೆ. ಸಂಸಾರದ ಭಾರ ಬಿದ್ದ ಮೇಲೆ ಎಲ್ಲಿ ಏನು ತಗುಲುತ್ತದೆ ಎಂಬುದು ಆ ದಿನ ಯಾರ ಹಿಟ್ಟಿಗೂ ಸಿಕ್ಕುವುದಿಲ್ಲ. ಇದನ್ನು ನಮ್ಮವರಿಗೆ ಹೇಳೋಣವೆಂದು ತಿರುಗಿದರೆ, ಅವರು ಆಗಲೇ ಗುಜರಿಯವನ ನಂಬರು ಹುಡುಕುತ್ತಿದ್ದರು. ನನ್ನ ತತ್ವಜ್ಞಾನ ಅಲ್ಲಿಗೇ ಬತ್ತಿತು. ಇನ್ನು ಅಕ್ಕನನ್ನು ನೋಡುವುದು ಇವರ ಬಿಡುವಿನ ಭಾನುವಾರವೇ ಎಂದು ಕಣ್ಣು ತುಂಬಿ ಬಂತು. ಗ್ರೀಸಿನ ಕೈಯಲ್ಲಿ ಒರೆಸಿಕೊಂಡು ಇನ್ನಷ್ಟು ಕೆಟ್ಟೆ.

"ಸಾ, ಫೋನ್ ಇಡಿ ಸಾ, ಇನ್ನೊಂದೈತಲ್ಲ" ಎಂದ ಮಾದೇಶಣ್ಣ. ನಾನು ಮೂಗು ಮುರಿದಿದ್ದ ಆ ಕರೀ ಸಂಪನ್ನೇ ಎತ್ತಿಕೊಂಡ. ಅದರ ಹೊಟ್ಟೆ ಆಕ್ಸಲ್ಲಿಗೆ ಸಿಗದೆ ಹಿಂದಕ್ಕೆ ಬೀಳುತ್ತದಂತೆ. ಎಣ್ಣೆ ಹೀರುವ ಪೈಪು ಎಳನೀರಿನ ಕೊಳವೆಯಂತೆ, ಹೊಟ್ಟೆ ಎಲ್ಲಿದೆಯೋ ಅಲ್ಲಿಗೇ ತಲುಪಬೇಕು, ಅದನ್ನೂ ಬದಲಾಯಿಸಿದ. ಆಕ್ಸಲ್ಲಿನ ಮೇಲೆ ಹೊಸ ಹಿಟ್ಟಿನ ಉಂಡೆ ಇಟ್ಟು, ಸಂಪು ಬಿಗಿದು, ಗಾಡಿ ನೆಲಕ್ಕಿಳಿಸಿದ. ಸದ್ದಿಲ್ಲ. ಎಣ್ಣೆ ತುಂಬಿ ಸ್ಟಾರ್ಟ್ ಮಾಡಿದ. ಹೊಸದಾಗಿ ಕೂತ ಎಂಜಿನ್ ಗಂಟಲು ಸರಿ ಮಾಡಿಕೊಂಡು ಗುರುಗುಟ್ಟಿತು. ನಾನು ಕೈ ಮುಗಿಯುವಷ್ಟರಲ್ಲಿ ಅವನು ಆಫ್ ಮಾಡಿದ. "ಗುಂಡೀಲಿ ಎಗರ್ದಾಗ್ಲೂ ತಗಲ್ಬಾರ್ದು. ಮುಂದ್ಗಡೆ ಬಾರ ಆಕಿ ನೋಡ್ಬೇಕು."

ಭಾರ ಎಲ್ಲಿಂದ ತರುವುದು? ಎದುರಿನ ಬಸ್‌ಸ್ಟಾಪಿನಲ್ಲಿ ಸಂತೆಚೀಲ ಹಿಡಿದ ಆರು ಮಂದಿ ಹೆಂಗಸರು ಕೂತಿದ್ದರು. ಮಾದೇಶಣ್ಣ ನಾಚಿಕೆಯಿಲ್ಲದೆ ಕೂಗಿದ: "ಅಕ್ಕೋ, ಒಸಿ ಬಂದು ಈ ಗಾಡಿ ಮ್ಯಾಲೆ ಕುಂತ್ಕಳ್ಳಿ!"

"ಯಾಕಣ್ಣ, ಮೆರವಣಿಗೆನಾ?" ಎನ್ನುತ್ತ ಬಂದೇ ಬಿಟ್ಟರು. ನಾಲ್ವರು ಮುಂದಿನ ಸೀಟಿನಲ್ಲಿ ತುರುಕಿಕೊಂಡರು. ಇಬ್ಬರು ಎರಡು ಮಡ್‌ಗಾರ್ಡುಗಳ ಮೇಲೆ ದ್ವಾರಪಾಲಕರಂತೆ ಕೂತರು.

"ಈಗ ಒಸಿ ಕುಣೀರಿ."

"ಅಯ್ಯೋ ನಿನ್ ಮನೆ ಕಾಯ್ವಾಗ, ಈ ವಯಸ್ನಲ್ಲಿ ಕುಣಿ ಅಂತೀಯಲ್ಲ!" ಎಂದರು ಮಡ್‌ಗಾರ್ಡಿನ ಮೇಲಿದ್ದ ಹಿರಿಯಾಕೆ. ಬೈದುಕೊಂಡೇ ಕುಣಿದರು. ಆರೂ ಜನ ನಕ್ಕೂ ನಕ್ಕೂ ಕುಣಿದರು. ಜೀಪು ತೊಟ್ಟಿಲಿನಂತೆ ಏರಿಳಿಯಿತು. ನಾನು ಕೆಳಗೆ ಮಲಗಿ ಕಿವಿ ಕೊಟ್ಟೆ. ಸದ್ದಿಲ್ಲ. ಹಿಟ್ಟನ್ನು ಬಿಡಿಸಿ ತೆಗೆದರೆ ಒಂದು ಬೆರಳು ದಪ್ಪ ಉಳಿದಿತ್ತು. ಒಂದೇ ಬೆರಳು, ಆದರೆ ಭಾರ ಹೊತ್ತು ಉಳಿದ ಬೆರಳು.

ಆ ಸಡಗರದಲ್ಲಿ ಹೆಮ್ಮಿಗೆ ಬಸ್ಸು ಬಂದು, ಯಾರೂ ಇಲ್ಲವೆಂದು ಹೊರಟೇ ಹೋಯಿತು.

"ಅಯ್ಯಯ್ಯೋ, ನಿಮ್ ಸಂಪು ನೋಡಕೋಗಿ ನಮ್ ಬಸ್ಸು ಓಯ್ತಲ್ಲ! ನಾವ್ ಇಳಿಯಾಕಿಲ್ಲ ಕಣಪ್ಪ. ಇದ್ರಲ್ಲೇ ಊರ್ಗೆ ಬುಡಿ. ಯಾರು ಓಡ್ಸೋರು?" ಎಂದರು ಹಿರಿಯಾಕೆ. ಎಲ್ಲರೂ ನಮ್ಮವರ ಕಡೆ ನೋಡಿದರು. ಮಾದೇಶಣ್ಣ ಬೀಗದ ಕೈಯನ್ನು ನನಗೆ ಕೊಟ್ಟ. "ಅಮ್ಮಾರೇ ಓಡ್ಸದು."

"ಬ್ರೇಕ್ ಹಿಡ್ದದಾ?" ಎಂದು ಯಾರೋ ಪಿಸುಗುಟ್ಟಿದರು. ಚೀಲಗಳೂ ಹೆಂಗಸರೂ ಸೇರಿ ಜೀಪು ತುಂಬಿಹೋಗಿತ್ತು. ಕಾಲಿಡಲು ಜಾಗ ಹುಡುಕುತ್ತಿದ್ದ ನಮ್ಮವರಿಗೆ ಹಿರಿಯಾಕೆ ಮರ್ಯಾದೆಯಿಂದಲೇ ಹೇಳಿದರು: "ನೀವು ಕಾರಲ್ಲಿ ಬನ್ನಿ ಸಾ, ಇಲ್ಲಿ ಎಣ್ಮಕ್ಳವ್ರೆ."

ದಾರಿಯುದ್ದಕ್ಕೂ ನನಗೆ ಆರು ಮಂದಿ ಗುರುಗಳು. ಗುಂಡಿ ಬಂದಾಗ ಎಲ್ಲರೂ ಒಟ್ಟಿಗೆ "ಎಡಕ್ಕೆ" "ಬಲಕ್ಕೆ" ಎನ್ನುತ್ತಿದ್ದರು. ನಾನು ನಡುವೆಯೇ ಇಳಿಸುತ್ತಿದ್ದೆ. ಪ್ರತಿ ಗುಂಡಿಗೂ ಉಸಿರು ಬಿಗಿಹಿಡಿದು ಕೇಳಿದೆ. ಟಣ್ ಎನ್ನಲಿಲ್ಲ. ಹೆಮ್ಮಿಗೆಯಲ್ಲಿ ಚೀಲಗಳನ್ನು ಇಳಿಸಿಕೊಂಡು, ಸೆರಗು ಕೊಡವಿ, ಆ ಹಿರಿಯಾಕೆ ಜೀಪನ್ನು ಒಮ್ಮೆ ಪೂರ್ತಿ ನೋಡಿ ಕೇಳಿದರು:

"ಮುಂದಿನ ಶನಿವಾರ ಎಷ್ಟೊತ್ಗೆ ಬತ್ತೀಯವ್ವ?"

"ಹತ್ತು ಗಂಟೆಗೆ" ಎಂದುಬಿಟ್ಟೆ. ಮನೆಯವರನ್ನು ಒಂದು ಮಾತು ಕೇಳಬೇಕಿತ್ತು ಎಂಬುದು ಹೊಳೆಯುವಷ್ಟರಲ್ಲಿ ಆಕೆ ಬೀದಿಯ ಕೊನೆಯವರೆಗೂ ನನ್ನ ವೇಳಾಪಟ್ಟಿಯನ್ನು ಸಾರಿಕೊಂಡು ಹೋಗಿಯಾಗಿತ್ತು.