ಹಳದಿಗೆ ಬಿದ್ದ ನಿಷೇಧ

ಬೇಯಿಸಿದ ಮೊಟ್ಟೆಯಿಂದ ಹಳದಿಯನ್ನು ಒಡೆಯದಂತೆ ಬಿಡಿಸಿ ತೆಗೆಯುವುದು ಒಂದು ಸೂಕ್ಷ್ಮ ಕಲೆ; ಎಂಬತ್ತರ ದಶಕದಲ್ಲಿ ನಾನು ಅದರಲ್ಲಿ ಪ್ರಾವೀಣ್ಯ ಗಳಿಸಿದ್ದೆ. ಕೊಲೆಸ್ಟರಾಲ್ ಎಂಬ ಶಬ್ದವನ್ನು ಪತ್ರಿಕೆಯಲ್ಲಿ ಓದಿ ಬೆದರಿದವನು ನಾನು. ಅಕ್ಷರಜ್ಞಾನವಿಲ್ಲದ ಕಾರಣ ಆ ಹಳದಿಯನ್ನೆಲ್ಲ ನಿರ್ಭಯವಾಗಿ ತಿಂದು ದುಂಡಗಾದದ್ದು ನಮ್ಮ ಬೆಕ್ಕು.

ಗೋವೆಯ ಪಣಜಿಯಲ್ಲಿ ಗುಮಾಸ್ತನಾಗಿದ್ದ ನಾನು ಹತ್ತಿರದ ಪರ್ವರಿಯಲ್ಲಿ ಮನೆ ಮಾಡಿದ್ದೆ. ಹಿತ್ತಲಿನಾಚೆ ವಿಜಾಪುರದ ಕಡೆಯಿಂದ ಗೋಡೆ ಕಟ್ಟಲು ಬಂದ ಗೌಂಡಿ ಹುಸೇನಸಾಬರ ಶೆಡ್ಡು. ಅವರ ಹೆಂಡತಿ ಮರೆಂಬಿ ಕೋಳಿ ಸಾಕಿದ್ದರು; ಗಂಡನ ಬೆಳಗಿನ ರೊಟ್ಟಿಯ ಜೊತೆ ಎರಡು ಮೊಟ್ಟೆ ತಪ್ಪುತ್ತಿರಲಿಲ್ಲ. ಒಂದು ದಿನ ಇಟ್ಟಿಗೆ ಹೊತ್ತು ಮೇಲೇರುವಾಗ ಸಾಬರಿಗೆ ಎದೆ ಹಿಡಿದುಕೊಂಡಿತು. ಇಂಗ್ಲಿಷ್ ಬಲ್ಲವನೆಂಬ ಹೆಮ್ಮೆ ಹೊತ್ತು ದುಭಾಷಿಯಾಗಿ ನಾನೂ ಆಸ್ಪತ್ರೆಗೆ ಹೋದೆ.

ಬೀಡಿ ಬಿಡಬೇಕು, ಹಳದಿ ಮುಟ್ಟಬಾರದು ಎಂದರು ವೈದ್ಯರು. ಎರಡನ್ನೂ ಅನುವಾದಿಸಿದೆ. ಆದರೆ ಹಳದಿಯ ಮಾತಿಗೆ ನನ್ನ ಸ್ವಂತ ಭಯವನ್ನೂ ಬೆರೆಸಿ ಗುಡುಗಿದೆ. ಹಿರಿಯರ ಚಟಕ್ಕೆ ಕೈಹಾಕುವ ಸಂಕೋಚದಿಂದ ಬೀಡಿಯ ಮಾತನ್ನು ಮೆಲ್ಲಗೆ ಉಸುರಿದೆ. ಅಂದಿನಿಂದ ಮರೆಂಬಿಯ ಮೊಟ್ಟೆಗಳೆಲ್ಲ ಮ್ಹಾಪಸಾ ಸಂತೆಗೆ ಹೋದವು. ಸಾಬರು ರೊಟ್ಟಿಯನ್ನು ಬರೀ ಚಟ್ನಿಯಲ್ಲಿ ಮುಗಿಸಿ, ಕೋಳಿಗಳಿಗೆ ಬೆನ್ನು ಮಾಡಿ ಕೂತು ಬೀಡಿ ಹಚ್ಚುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಮತ್ತೆ ಎದೆನೋವು. ಮತ್ತೆ ನಾನೇ ದುಭಾಷಿ. ಈ ಸಲದ ತರುಣ ವೈದ್ಯೆ, ವಾರಕ್ಕೆ ಮೂರ್ನಾಲ್ಕು ಇಡೀ ಮೊಟ್ಟೆ ತಿಂದರೆ ಅಡ್ಡಿಯಿಲ್ಲ, ಆ ಬಗ್ಗೆ ನಮ್ಮ ತಿಳಿವಳಿಕೆಯೇ ಬದಲಾಗುತ್ತಿದೆ, ಆದರೆ ಬೀಡಿ ಇವರನ್ನು ಉಳಿಸುವುದಿಲ್ಲ ಎಂದರು. ಈ ಸಲ ಎರಡನ್ನೂ ಒಂದೇ ದನಿಯಲ್ಲಿ ಅನುವಾದಿಸಿದೆ.

"ಹಂಗಾರ ಇಷ್ಟ ವರ್ಷ ಇವರ ಬಾಯಾಗಿನ ತತ್ತಿ ನಾ ಸುಮ್ಮನ ಕಸಗೊಂಡೆ ಏನ್ರಿ?" ಎಂದರು ಮರೆಂಬಿ.

ಮರಳುವಾಗ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ನನ್ನ ತಪ್ಪನ್ನು ಒಪ್ಪಿಕೊಂಡೆ. "ತತ್ತಿ ಮಾತು ಜೋರ ಹೇಳಿದೆ, ಬೀಡಿ ಮಾತು ಮೆತ್ತಗ ಹೇಳಿದೆ. ತಪ್ಪು ನಂದ್ರಿ."

ಸಾಬರು ನಕ್ಕರು. "ಜೋರ ಹೇಳಿದ್ರೂ ನಾ ಎಲ್ಲಿ ಬಿಡ್ತಿದ್ದೆ? ತತ್ತಿ ಆಕಿ ಕೈಯಾಗಿತ್ತು, ನಿಂತಿತು. ಬೀಡಿ ನನ್ನ ಕೈಯಾಗಿತ್ತು, ನಿಲ್ಲಲಿಲ್ಲ. ಖರೇ ಅಂದ್ರ ಅಷ್ಟರೀ."

ವಿಜ್ಞಾನ ತನ್ನ ಮಾತು ತಿದ್ದಿಕೊಳ್ಳಲು ನಾಚುವುದಿಲ್ಲ, ನಾಚುವವರು ನಾವು. ಹಾಗೆಂದು ಯೋಚಿಸುತ್ತಿರುವಾಗಲೇ ಸಾಬರು ಜೇಬಿನಿಂದ ಬೀಡಿಕಟ್ಟು ತೆಗೆದು, ಒಂದು ಗಳಿಗೆ ನೋಡಿ, ಹೆಂಡತಿಯ ಮಡಿಲಿಗೆ ಹಾಕಿದರು.

"ತಗೋ, ಇದನ್ನೂ ನೀನ ಇಟ್ಕೊ."

ಮರೆಂಬಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಅದರ ಮೇಲೆ ಇನ್ನೊಂದು ಗಂಟನ್ನೂ ಬಿಗಿದರು.