ಕಿವಿಯಮ್ಮನಿಗೊಂದು ಗುಡುಗಿನ ಪೆಟ್ಟಿಗೆ

ಒಂದಾನೊಂದು ಊರಿನಲ್ಲಿ ಒಬ್ಬ ಬಡಗಿ ಇದ್ದನಂತೆ. ಗುಡುಗನ್ನು ಹಿಡಿದು ಪೆಟ್ಟಿಗೆಯಲ್ಲಿ ಕೂಡಿಹಾಕುವುದು ಅವನ ಕಸುಬಂತೆ. ಅವನು ಎರಡು ಬಗೆಯ ಪೆಟ್ಟಿಗೆ ಮಾಡುತ್ತಿದ್ದನಂತೆ. ಒಂದಕ್ಕೆ ಬಾಯಿಯೇ ಇಲ್ಲ. ಅದರೊಳಗಿನ ಗುಡುಗು ಕೇಳಿದಷ್ಟಕ್ಕೆ ಉತ್ತರ ಕೊಟ್ಟು ಸುಮ್ಮನಾಗುತ್ತಿತ್ತು. ಇನ್ನೊಂದಕ್ಕೆ ದುಂಡನೆಯ ಬಾಯಿ. ಅದರ ಗುಡುಗು ಉಸಿರು ಬಿಟ್ಟು, ಮನೆಯ ಗೋಡೆ ಗೋಡೆಯನ್ನೂ ಮಾತಾಡಿಸಿ ಬರುತ್ತಿತ್ತು. ಬಡಗಿಯ ಹೆಂಡತಿಗೆ ಇರುವೆ ಸಕ್ಕರೆ ಹೊರುವ ಸದ್ದೂ ಕೇಳುತ್ತಿತ್ತಂತೆ. ಅವಳು ಹೂಂ ಅನ್ನದೆ ಒಂದು ಪೆಟ್ಟಿಗೆಯೂ ಹೊಸ್ತಿಲು ದಾಟುತ್ತಿರಲಿಲ್ಲವಂತೆ.

ಬರೀ ಕಥೆಯಾಗಿದ್ದರೆ ಇಷ್ಟು ಹೊತ್ತಿಗೆ ತೊಡೆಯ ಮೇಲಿನ ಮಗು ನಿದ್ದೆ ಹೋಗಿರುತ್ತಿತ್ತು. ಆದರೆ ಈ ಬಡಗಿ ಈಗಲೂ ಇದ್ದಾರೆ. ಬೆಳಗಿನ ಐದೂವರೆಗೆ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ದೀಪ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಲಗೆಯ ಅಂಚಿಗೆ ಅಂಟು ಬಳಿಯುತ್ತಿದ್ದಾರೆ. ಐವತ್ತೊಂಬತ್ತು ವಯಸ್ಸು. ಹುಬ್ಬಿನ ಮೇಲೆ, ಕಿವಿಯ ಮಡಿಕೆಯಲ್ಲಿ ಹಲಗೆಯ ಕಂದು ಧೂಳು. ಹೋಮ್ ಥಿಯೇಟರಿಗೆ ದಪ್ಪ ಸದ್ದಿನ ಸಬ್‌ವೂಫರ್ ಸ್ಪೀಕರಿನ ಪೆಟ್ಟಿಗೆ ಮಾಡಿಸಿಕೊಳ್ಳುವವರೆಲ್ಲ ಅವರನ್ನು ಕರೆಯುವುದು ಗುಡುಗು ಮೇಸ್ತ್ರಿ ಎಂದೇ.

ಹಿಂದಿನ ದಿನ ಜೋಡಿಸಿಟ್ಟ ಪೆಟ್ಟಿಗೆಯೊಂದು ಬೆಂಚಿನ ಮೇಲಿದೆ. ಮೇಸ್ತ್ರಿ ಲೋಟದ ನೀರಿನಲ್ಲಿ ಅಂಗೈ ಅದ್ದಿ ಕೆನ್ನೆ ಒದ್ದೆ ಮಾಡಿಕೊಳ್ಳುತ್ತಾರೆ. ಸ್ಪೀಕರಿಗೆ ವೈರು ಕೊಟ್ಟು, ಆ ಕೆನ್ನೆಯನ್ನು ಸಂದಿನ ಉದ್ದಕ್ಕೂ ನಿಧಾನವಾಗಿ ಸರಿಸುತ್ತಾರೆ. ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ಅಲ್ಲಿಂದ ನುಸುಳಿ ಒದ್ದೆ ಚರ್ಮಕ್ಕೆ ತಣ್ಣಗೆ ತಾಗುತ್ತದೆ.

"ಕಿವಿಗೆ ಕೇಳಿಸೋ ಹಾಗಿದ್ರೆ ಯಾಕೆ ಈ ಸರ್ಕಸ್ಸು?" ಎಂದು ನಗುತ್ತಾರೆ. "ನನ್ನ ಕಿವಿಯನ್ನ ಗರಗಸದ ಮೆಷಿನ್ ಯಾವತ್ತೋ ತಿಂದುಹಾಕ್ತು. ಉಳಿದಿರೋದು ಕೆನ್ನೆ ಒಂದೇ."

ಮೂವತ್ತು ವರ್ಷದಲ್ಲಿ ಸಾವಿರದ ಒಂಬೈನೂರು ಪೆಟ್ಟಿಗೆ. ವಾರಕ್ಕೆ ಹೆಚ್ಚೆಂದರೆ ಮೂರು ಮುಗಿಯುತ್ತವೆ. ಒಂದೊಂದಕ್ಕೂ ನಲವತ್ತನಾಲ್ಕು ಸ್ಕ್ರೂ, ಒಳಗೆ ಎರಡು ಅಡ್ಡಪಟ್ಟಿ, ಹೊರಗೆ ನಾಲ್ಕು ಕೋಟು ಬಣ್ಣ. ಟಿ.ವಿ.ಯ ಪಕ್ಕ ಕುಳಿತ ಮೇಲೆ ಯಾರೂ ಪೆಟ್ಟಿಗೆಯನ್ನು ನೋಡುವುದಿಲ್ಲ. ನೋಡಬಾರದು ಎಂದೇ ಮೇಸ್ತ್ರಿ ಕಪ್ಪು ಬಣ್ಣ ಬಳಿಯುವುದು.

ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ಮುಚ್ಚಿದ್ದು ಒಳ್ಳೆಯದೋ, ತೂತಿನದ್ದು ಒಳ್ಳೆಯದೋ? ಮೇಸ್ತ್ರಿ ಉತ್ತರ ಕೊಡುವ ಮುಂಚೆ ತಾವೇ ಮೂರು ಪ್ರಶ್ನೆ ಹಾಕುತ್ತಾರೆ. ಕೋಣೆ ಎಷ್ಟು ದೊಡ್ಡದು? ಕೆಳಮನೆಯಲ್ಲಿ ಯಾರಿದ್ದಾರೆ? ಹಾಡು ಹೆಚ್ಚೋ, ಸಿನಿಮಾ ಹೆಚ್ಚೋ?

"ಮುಚ್ಚಿದ್ದು ಮಿತಭಾಷಿ," ಎನ್ನುತ್ತಾರೆ. "ಡೋಲಿಗೆ ಒಂದೇಟು ಬಿದ್ರೆ ಒಂದೇ ಏಟು ಕೇಳುತ್ತೆ, ಬಾಲ ಇರಲ್ಲ. ಸಣ್ಣ ಕೋಣೆಗೆ, ಹಾಡು ಕೇಳೋರಿಗೆ ಅದೇ ಸರಿ. ತೂತಿಂದು ಅಷ್ಟೇ ಕರೆಂಟಿನಲ್ಲಿ ಇನ್ನೂ ಜೋರಾಗಿ, ಇನ್ನೂ ಆಳಕ್ಕೆ ಗುಡುಗುತ್ತೆ. ದೊಡ್ಡ ಹಾಲ್, ಯುದ್ಧದ ಸಿನಿಮಾ ಅಂದ್ರೆ ಅದೇ ಬೇಕು. ಆದ್ರೆ ಸ್ವಲ್ಪ ಜಂಬ ಜಾಸ್ತಿ. ಜಾಗ ಜಾಸ್ತಿ ಕೇಳುತ್ತೆ. ತೂತಿನೊಳಗಿನ ಪೈಪು ಸಣ್ಣದಾಯ್ತೋ, ಗಾಳಿ ಒದ್ದಾಡಿ ಫುಸ್ ಫುಸ್ ಅಂತ ಸೀನೋಕೆ ಶುರು."

ಆ ಸೀನನ್ನು ಹಿಡಿಯುವುದು ಹೆಂಡತಿಯ ಕೆಲಸವಾಗಿತ್ತು. ಮೇಸ್ತ್ರಿಗಿಂತ ನಾಲ್ಕು ವರ್ಷ ಚಿಕ್ಕವರು. ಮದುವೆಯಾಗಿ ಬಂದ ಮೊದಲ ವಾರವೇ, ಗಂಡ ಪಾಸು ಮಾಡಿದ ಪೆಟ್ಟಿಗೆಯ ಮುಂದೆ ನಿಂತು, "ಇದರೊಳಗೆ ಯಾರೋ ಊದಿ ಊದಿ ಹಾಲು ಆರಿಸ್ತಿದ್ದಾರಲ್ಲ, ರೀ?" ಎಂದರಂತೆ. ಮೇಸ್ತ್ರಿಗೆ ಏನೂ ಕೇಳಿಸಿರಲಿಲ್ಲ. ಬಿಚ್ಚಿ ನೋಡಿದರೆ ಪೈಪಿನ ತುದಿಯಲ್ಲಿ ಒಂದು ಸಿಬಿರು. ಅಂದಿನಿಂದ ಪ್ರತಿ ಪೆಟ್ಟಿಗೆಯೂ ಶೆಡ್ಡಿನಿಂದ ಹನ್ನೆರಡು ಹೆಜ್ಜೆ ದಾಟಿ ಮನೆಯ ಮುಂದಿನ ಕೋಣೆಗೆ ಬರತೊಡಗಿತು. ಆಕೆ ಕೈಕೆಲಸ ಬಿಟ್ಟು ಬಂದು, ಕಣ್ಣು ಮುಚ್ಚಿ, ಹತ್ತು ನಿಮಿಷ ಕೇಳುವುದು. ತಲೆ ಆಡಿಸಿದರೆ ಪೆಟ್ಟಿಗೆ ಗಾಡಿ ಹತ್ತುವುದು, ಇಲ್ಲವಾದರೆ ವಾಪಸ್ಸು ಶೆಡ್ಡಿಗೆ. ಗಿರಾಕಿಗಳು ಆಕೆಗೆ ಕಿವಿಯಮ್ಮ ಎಂದು ಹೆಸರಿಟ್ಟರು.

ಮದುವೆಯ ಆ ಮೊದಲ ವಾರವೇ ಮೇಸ್ತ್ರಿ ಮಾತು ಕೊಟ್ಟದ್ದು: ನಿನಗೂ ಒಂದು ಮಾಡಿಕೊಡುತ್ತೇನೆ. ಇಪ್ಪತ್ತೊಂಬತ್ತು ವರ್ಷವಾಯಿತು. ಪ್ರತಿ ಸಲವೂ ಮುಂದಿನ ತಿಂಗಳು. ಒಮ್ಮೆ ಅರ್ಧ ಮಾಡಿದ್ದನ್ನೂ ಯಾರೋ ಅವಸರದ ಗಿರಾಕಿ ಎತ್ತಿಕೊಂಡು ಹೋದ. "ಊರವರೆಲ್ಲರ ಮನೆ ಗುಡುಗು ಕೇಳಿದ್ದೀನಿ," ಎಂದು ಕಿವಿಯಮ್ಮ ಈಗಲೂ ಚುಚ್ಚುತ್ತಾರೆ. "ನಮ್ಮ ಮನೇಲಿ ಇವರ ಗೊರಕೆ ಒಂದೇ."

ಕಳೆದ ವರ್ಷ ನಿವೃತ್ತ ಬಸ್ ಡ್ರೈವರೊಬ್ಬರು ಆಟೋದಲ್ಲಿ ಪೆಟ್ಟಿಗೆ ಹೇರಿಕೊಂಡು ಬಂದರು. "ಮೇಸ್ತ್ರಿ, ನಿಮ್ಮ ಪೆಟ್ಟಿಗೆಗೆ ನೆಗಡಿ ಆಗಿದೆ!"

"ಸಾಧ್ಯಾನೇ ಇಲ್ಲ. ನಮ್ಮ ಮನೆಯವಳೇ ಕೂತು ಕೇಳಿದ್ದಾಳೆ," ಎಂದು ಮೇಸ್ತ್ರಿ ರೇಗಿದರು. ಮುಂದಿನ ಕೋಣೆಯಲ್ಲಿಟ್ಟು ಸಿನಿಮಾ ಹಾಕಿದರು. "ಅಗೋ, ಕೇಳಿ, ಫುಸ್!" ಎಂದು ಡ್ರೈವರು ಬೆರಳೆತ್ತಿದರು. ಮೇಸ್ತ್ರಿಗೆ ಕೇಳಲಿಲ್ಲ, ಅದೇನೂ ಹೊಸದಲ್ಲ. ಹೆಂಡತಿಯ ಮುಖ ನೋಡಿದರು. ಆಕೆಯೂ ಅವರ ಮುಖವನ್ನೇ ನೋಡುತ್ತಿದ್ದರು.

ಡ್ರೈವರು ಹೋದ ಮೇಲೆ ಆಕೆ ಹೇಳಿದರು: "ಎರಡು ವರ್ಷದ ಹಿಂದೆ ಸೊಳ್ಳೆ ಕಾಟ ಕಮ್ಮಿಯಾಯ್ತು ಅಂದ್ಕೊಂಡೆ, ರೀ. ಆಮೇಲೆ ಗೊತ್ತಾಯ್ತು. ಸೊಳ್ಳೆ ಇತ್ತು. ಅದು ಹಾಡೋದು ನನಗೆ ಕೇಳ್ತಿರಲಿಲ್ಲ."

"ನನಗ್ಯಾಕೆ ಹೇಳಲಿಲ್ಲ?"

"ನಿಮಗೂ ಕೇಳಲ್ಲ, ನನಗೂ ಕೇಳಲ್ಲ ಅಂದಮೇಲೆ ಅಂಗಡಿ ಯಾಕೆ ತೆರೀಬೇಕು? ನಿಮ್ಮ ಮುಖ ನೋಡ್ತಿದ್ದೆ. ನೀವು ಖುಷಿಯಾಗಿದ್ರೆ ತಲೆ ಆಡಿಸ್ತಿದ್ದೆ."

ಕಿವಿಯ ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಹಕ್ಕಿ, ಬಾಗಿಲ ಗಂಟೆ, ಹೆಂಗಸರ ಸಣ್ಣ ದನಿ ಇರುವ ಕಡೆ ಗೆರೆ ಬಾವಿಗಿಳಿದ ಹಾಗೆ ಇಳಿದಿತ್ತು. ಗುಡುಗಿನ ಕಡೆ ಮಾತ್ರ ಇನ್ನೂ ಮೇಲಿತ್ತು. ಕಿವಿಗೆ ಹಾಕುವ ಮೆಷಿನ್ನಿನಿಂದ ಎದುರು ಕೂತವರ ಮಾತು ಅಷ್ಟಿಷ್ಟು ಸಿಗುತ್ತದೆ. ಹೋದದ್ದು ವಾಪಸು ಬರುವುದಿಲ್ಲ. ಉಳಿದದ್ದೂ ವರ್ಷ ವರ್ಷ ತೆಳುವಾಗುತ್ತದೆ. ಗರಗಸದ ಸದ್ದಿನಲ್ಲಿ ಎಷ್ಟು ವರ್ಷ ಇದ್ದಿರಿ ಎಂದು ಡಾಕ್ಟರು ಕೇಳಿದ್ದು ಮೇಸ್ತ್ರಿಯನ್ನಲ್ಲ, ಆಕೆಯನ್ನು.

ಇದೊಂದನ್ನು ಹೇಳುವಾಗ ಮೇಸ್ತ್ರಿ ಕೈಯ ಬ್ರಷ್ಷನ್ನು ಕೆಳಗಿಡುತ್ತಾರೆ. "ಹಲಗೆ ಹಿಡ್ಕೊಳ್ಳೋಕೆ ದಿನಾ ಕರೀತಿದ್ದೆ. ಆ ತುದಿ ಅವಳು, ಈ ತುದಿ ನಾನು, ನಡುವೆ ಗರಗಸ. ಪೆಟ್ಟಿಗೆ ಒಳಗಿನ ಸದ್ದು ಹೊರಗೆ ಹೋಗಬಾರದು ಅಂತ ಹತ್ತಿ ತುಂಬ್ತೀನಿ, ರಬ್ಬರ್ ಹಾಕ್ತೀನಿ. ಅವಳ ಕಿವಿಗೆ ಒಂದು ಮುಚ್ಚಳ ತಂದುಕೊಡಬೇಕು ಅಂತ ಹೊಳೀಲೇ ಇಲ್ವಲ್ಲ."

ಆಮೇಲೆ ಎರಡು ತಿಂಗಳು ಅವರು ಹೊಸ ಕೆಲಸ ಹಿಡಿಯಲಿಲ್ಲ. ಆ ಎರಡು ವರ್ಷದಲ್ಲಿ ಹೋದ ತೂತಿನ ಪೆಟ್ಟಿಗೆಗಳು ಮೂವತ್ತೊಂದು. ಮನೆ ಮನೆಗೆ ಹೋಗಿ, "ಸೀನುತ್ತಾ ಸ್ವಾಮಿ?" ಎಂದು ಕೇಳಿದರು. ಹನ್ನೊಂದು ಸೀನುತ್ತಿದ್ದವು. ಅವನ್ನೆಲ್ಲ ತಂದು, ಅಗಲದ ಪೈಪು ಹಾಕಿ, ಪುಕ್ಕಟೆ ಸರಿಮಾಡಿ ಕೊಟ್ಟರು. ಕಾರಣ ಕೇಳಿದವರಿಗೆ ಪೈಪು ಕೆಟ್ಟ ಮಾಲು ಎಂದರು. ಹೆಂಡತಿಯ ಕಿವಿಯ ಸುದ್ದಿ ಎತ್ತಲಿಲ್ಲ. ಅದನ್ನು ಈಗ ಇಲ್ಲಿ ಬರೆಯಬಹುದು ಎಂದವರು ಕಿವಿಯಮ್ಮನೇ: "ಬರೀಲಿ ಬಿಡಿ. ಪೈಪಿನ ಮೇಲೆ ಯಾಕೆ ಸುಳ್ಳು ಅಪವಾದ?"

ಹನ್ನೊಂದನೆಯದು ಹೋದ ದಿನ ಮೇಸ್ತ್ರಿ ಆಕೆಯ ಪೆಟ್ಟಿಗೆಗೆ ಹಲಗೆ ಕೊಯ್ದರು. ಇನ್ನು ಮುಂದಿನ ತಿಂಗಳು ಎನ್ನುವ ಹಾಗಿರಲಿಲ್ಲ.

ಮೊದಲ ಜಗಳ ಹುಟ್ಟಿದ್ದೇ ಅಲ್ಲಿ. ಮುಂದಿನ ಕೋಣೆ ಹತ್ತಡಿಗೆ ಹನ್ನೆರಡಡಿ. ಕುರ್ಚಿಗೂ ಬೀರುವಿಗೂ ನಡುವೆ ಒಂದೂವರೆ ಅಡಿ ಜಾಗ. ಮೇಸ್ತ್ರಿಯ ಮೊದಲ ಪ್ರಶ್ನೆಗೇ ಉತ್ತರ ಸಿಕ್ಕಿತು: ಮುಚ್ಚಿದ್ದು.

"ನನಗೆ ತೂತಿಂದೇ ಬೇಕು," ಎಂದರು ಕಿವಿಯಮ್ಮ.

"ಈ ಕೋಣೆಗೆ ಅದು ಜಾಸ್ತಿ ಕಣೇ. ಬೇರೆ ಯಾರಾದ್ರೂ ಕೇಳಿದ್ರೆ ಬೈದು ಕಳಿಸ್ತಿದ್ದೆ."

"ಮುಚ್ಚಿದ್ದು ಕಿವಿ ಇದ್ದೋರಿಗೆ. ತೂತಿನ ಮುಂದೆ ಕಾಲಿಟ್ರೆ ಗಾಳಿ ಬರುತ್ತೆ. ಕಿವಿ ಪೂರ್ತಿ ಹೋದ ಮೇಲೂ ಕಾಲಿಗೆ ಗೊತ್ತಾಗುತ್ತೆ, ರೀ."

ಮೇಸ್ತ್ರಿ ತೂತಿನದ್ದಕ್ಕೇ ಅಳತೆ ಹಾಕಿದರು. ಆದರೆ ಜಂಬದ ಪೆಟ್ಟಿಗೆ ತನ್ನ ಜಂಬ ತೋರಿಸಿತು. ಸೀನಬಾರದೆಂದರೆ ಪೈಪು ಅಗಲವಿರಬೇಕು. ಪೈಪು ಅಗಲವಾದಷ್ಟೂ ಉದ್ದವಾಗಬೇಕು, ಇಲ್ಲವಾದರೆ ಗುಡುಗಿನ ಆಳ ತಪ್ಪುತ್ತದೆ. ಒಂದೂವರೆ ಅಡಿಯ ಪೆಟ್ಟಿಗೆಯೊಳಗೆ ಅಷ್ಟುದ್ದದ ಪೈಪು ಹಿಡಿಸುವುದಿಲ್ಲ. ಮೇಸ್ತ್ರಿ ಒಂದು ಬೆರಳು ಕಿರಿದಾದ ಪೈಪನ್ನೇ ಹಾಕಿದರು.

ಸೀನನ್ನು ಹಿಡಿಯಲು ಮನೆಯಲ್ಲಿ ಉಳಿದ ಕಿವಿ ಮಗಳದ್ದು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಭಾನುವಾರ ಮಾತ್ರ ಬರುತ್ತಾರೆ. ಅವರ ದನಿ ಸಣ್ಣದು. "ಅಮ್ಮಾ" ಎಂದರೆ ಅಮ್ಮನಿಗೆ ತುಟಿ ಅಲುಗಿದ್ದು ಕಾಣುತ್ತದೆ, ಅಷ್ಟೇ. ಮಗಳು ಅದಕ್ಕೆ ಭುಜ ಮುಟ್ಟಿ ಕರೆಯುವುದನ್ನು ಕಲಿತಿದ್ದಾರೆ.

ಮೊದಲ ಭಾನುವಾರ ಮಗಳು ಕೇಳಿ, "ಸೀನುತ್ತೆ, ಅಪ್ಪ," ಎಂದರು. ಮೇಸ್ತ್ರಿ ಬಿಚ್ಚಿ, ಪೈಪಿನ ಬಾಯಂಚನ್ನು ಕಹಳೆಯ ಹಾಗೆ ಉಜ್ಜಿ ನುಣುಪು ಮಾಡಿದರು. ಎರಡನೆಯ ಭಾನುವಾರ ಮಗಳು ಎರಡೆರಡು ಸಲ ಹಾಕಿಸಿ ಕೇಳಿ, "ಸಣ್ಣದಾಗಿ. ಜೋರು ಸದ್ದು ಬಂದಾಗ ಮಾತ್ರ," ಎಂದರು.

"ಸೀನಿಕೊಂಡಿರಲಿ ಬಿಡಿ," ಎಂದರು ಕಿವಿಯಮ್ಮ, ಮಗಳ ಮುಖ ನೋಡಿಯೇ ವಿಷಯ ತಿಳಿದು. "ನನಗೆಲ್ಲಿ ಕೇಳುತ್ತೆ? ನಿಮಗೆಲ್ಲಿ ಕೇಳುತ್ತೆ?"

"ಕೇಳಲ್ಲ ಅಂತ ನಿನಗೆ ಕೆಟ್ಟದ್ದು ಕೊಡಲಾ?" ಮೇಸ್ತ್ರಿಯ ದನಿ ಏರಿತು. "ಊರಿಗೆಲ್ಲ ಸರಿಮಾಡಿ ಕೊಟ್ಟು ಬಂದಿದ್ದೀನಿ. ನಿನಗೆ ಸೀನೋದು ಕೊಡಲಾ?"

ಆ ಮಾತು ಆಕೆಗೆ ಪೂರ್ತಿ ಕೇಳಿಸಿತು. ಗಂಡಸಿನ ದಪ್ಪ ದನಿ ಇನ್ನೂ ಗೆರೆಯ ಮೇಲಿದೆ.

ಮೂರನೆಯ ಸಲ ಮೇಸ್ತ್ರಿ ಪೆಟ್ಟಿಗೆಯನ್ನೇ ಹೊಸ ಹಲಗೆಯಿಂದ ಕಟ್ಟಿದ್ದಾರೆ. ಅಗಲದ ಪೈಪೇ ಹಾಕಿ, ಹಿಡಿಸದ ಉದ್ದವನ್ನು ಒಳಗೇ ಎರಡು ಕಡೆ ಮಡಚಿದ್ದಾರೆ. ನಲ್ಲಿ ಕೆಲಸದವರ ಬಳಿ ಸಿಗುವ ಬಾಗಿದ ತುಂಡುಗಳೇ ಸಾಕಾದವು. ಈ ಬೆಳಿಗ್ಗೆ ಅಂಟು ಬಳಿಯುತ್ತಿರುವುದು ಕೊನೆಯ ಮುಚ್ಚಳಕ್ಕೆ. ಅದು ಒಣಗಲು ಆರು ತಾಸು ಬೇಕು. ಇಂದು ಭಾನುವಾರ. ಏನು ಆಸೆ ಎಂದು ಕೇಳಿದರೆ ಮೇಸ್ತ್ರಿ ಕ್ಲಾಂಪು ಬಿಗಿಯುತ್ತ, "ನನ್ನ ಪೆಟ್ಟಿಗೆಗಿಂತ ಅವಳ ಕಿವಿ ನಾಲ್ಕು ದಿನ ಜಾಸ್ತಿ ಬಾಳಲಿ," ಎನ್ನುತ್ತಾರೆ. "ಅಷ್ಟಾಗದಿದ್ರೆ, ಕಾಲಿಗಾದ್ರೂ ಗೊತ್ತಾಗಲಿ."

ಮಧ್ಯಾಹ್ನ ಮಗಳು ಬಂದು, ಬ್ಯಾಗನ್ನೂ ಇಳಿಸದೆ ಪೆಟ್ಟಿಗೆಯ ಮುಂದೆ ಮಂಡಿಯೂರುತ್ತಾರೆ. ಕಿವಿಯಮ್ಮ ಆರಿಸಿದ್ದು ಸಮುದ್ರದಲ್ಲಿ ಹಡಗು ಬಿರುಗಾಳಿಗೆ ಸಿಕ್ಕ ದೃಶ್ಯ. ಕುರ್ಚಿಯಲ್ಲಿ ಕೂತು, ಕಾಲಿನ ಮೇಲೆ ಶಾಲು ಹೊದ್ದು, ಬರಿಯ ಪಾದಗಳನ್ನು ಪೆಟ್ಟಿಗೆಯ ದುಂಡು ಬಾಯಿಯ ಮುಂದೆ ಇಟ್ಟಿದ್ದಾರೆ. ಮೇಸ್ತ್ರಿ ವಾಲ್ಯೂಮನ್ನು ಅರ್ಧಕ್ಕೆ ತರುತ್ತಾರೆ, ಮುಕ್ಕಾಲಿಗೆ ತರುತ್ತಾರೆ. ಬೀರುವಿನ ಬಾಗಿಲು ನಡುಗುತ್ತದೆ. ಅಲೆ ಹಡಗಿಗೆ ಬಡಿಯುತ್ತದೆ, ಮತ್ತೆ ಬಡಿಯುತ್ತದೆ. ಮಗಳು ಕಿವಿಯನ್ನು ಪೈಪಿನ ಹತ್ತಿರಕ್ಕೆ ಒಯ್ದು, ತಲೆಯೆತ್ತಿ, ಅಪ್ಪನಿಗೆ ಕಾಣುವ ಹಾಗೆ ದೊಡ್ಡದಾಗಿ ಕೈಯಾಡಿಸುತ್ತಾರೆ: ಸೀನು ಇಲ್ಲ, ಇಲ್ಲ.

ಮೇಸ್ತ್ರಿ ಹೆಂಡತಿಯ ಬೆನ್ನ ಹಿಂದೆ ನಿಂತು, "ಸಾಕಾ?" ಎಂದು ಕೇಳುತ್ತಾರೆ. ಅಲೆಯ ಸದ್ದಿನಲ್ಲಿ ಅದು ಆಕೆಗೆ ತಲುಪುವುದಿಲ್ಲ. ಆಕೆ ಕಣ್ಣು ಮುಚ್ಚಿದ್ದಾರೆ. ಪಾದದ ಮೇಲಿನ ಶಾಲಿನ ಅಂಚು ಒಮ್ಮೆ ಹೊರಗೆ, ಒಮ್ಮೆ ಒಳಗೆ, ಗಾಳಿಗೆ ಮೆಲ್ಲಗೆ ಅಲುಗುತ್ತಿದೆ.