ಅಮೃತೇಶರ ಹಾಡಿನ ಪ್ಲೇಟುಗಳು

ನಂಜನಗೂಡಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅಮೃತೇಶ್ ಉಂಡ ತಟ್ಟೆಯನ್ನು ಒಂದು ದಿನವೂ ತೊಳೆದವರಲ್ಲ. ಆದರೆ ಭಾನುವಾರ ಬಂತೆಂದರೆ ಗ್ರಾಮಫೋನಿನ ಹಾಡಿನ ಪ್ಲೇಟುಗಳಿಗೆ ಕೂಸಿಗೆ ಎರೆದ ಹಾಗೆ ನೀರೆರೆಯುತ್ತಾರೆ. ನಲ್ಲಿ ನೀರಿನಲ್ಲಿ ಉಪ್ಪಿದೆಯೆಂದು ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತರುತ್ತಾರೆ. ಒರೆಸುವುದಕ್ಕೆ ಒಗೆದೊಗೆದು ಮೆತ್ತಗಾದ ಬದನವಾಳಿನ ಖಾದಿಯೇ ಆಗಬೇಕು, ಅದನ್ನೂ ಗೆರೆಯ ಗುಂಟ ಆಡಿಸಬೇಕೇ ಹೊರತು ಅಡ್ಡಡ್ಡ ತಿಕ್ಕುವ ಹಾಗಿಲ್ಲ. ಪ್ಲೇಟು ಒಣಗುವ ಹೊತ್ತಿಗೆ ಅವರಿಗೇ ನಿದ್ದೆ ಬಂದಿರುತ್ತದೆ. "ಇವನ್ನ ಕೇಳೋದು ಯಾವಾಗ್ರೀ?" ಎಂದು ಹೆಂಡತಿ ಮಧುಶ್ರೀ ಛೇಡಿಸಿದರೆ, "ನಾನು ಹಾಡು ಕೇಳೋನಲ್ಲ ಕಣೇ, ಹಾಡಿನ ಮನೇಲಿ ಮುಸುರೆ ತಿಕ್ಕೋನು" ಎಂದು ತಾವೇ ನಗುತ್ತಾರೆ. ಆದರೆ ಕಪಾಟಿನ ತುದಿಯಲ್ಲಿರುವ ಒಂದು ಪ್ಲೇಟಿಗೆ ಮಾತ್ರ ಹನಿ ನೀರು ತಾಗಿಸುವುದಿಲ್ಲ. ತೀರಿಕೊಂಡ ಅವ್ವ ಪುಟ್ಟಬಸಮ್ಮ ತಮ್ಮ ಕೊನೆಯ ಆಯುಧಪೂಜೆಯ ದಿನ, "ಇದೂ ಮಿಸಿನ್ನೇ ಅಲ್ವೇನ್ಲಾ" ಎನ್ನುತ್ತಾ, ಅದರ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದಿದ್ದರು. ಪ್ಲೇಟು ಹಾಳಾಯಿತೆಂದು ಅಮೃತೇಶ್ ಆವತ್ತು ಮನೆ ಹಾರಿಹೋಗುವಂತೆ ಕೂಗಾಡಿದ್ದರು. ಈಗ ಅವರು ಹಾಕಿ ಕೇಳುವುದು ಅದೊಂದನ್ನೇ. ಪ್ರತಿ ಸುತ್ತಿನಲ್ಲೂ ಮುಳ್ಳು ಆ ವಿಭೂತಿಯನ್ನು ದಾಟುವಾಗ ಕರಕರ ಎನ್ನುತ್ತದೆ. ಅಮೃತೇಶ್ ಕಣ್ಣು ಮುಚ್ಚಿ ಆ ಸದ್ದಿಗೇ ಕಿವಿಗೊಟ್ಟು, "ಥೂ, ಈ ಹಾಡೊಂದು ಮಧ್ಯೆ ಅಡ್ಡ ಬತ್ತದೆ ಕಣೇ" ಎನ್ನುತ್ತಾರೆ.